ತೂತು ಚಿಕ್ಕದು, ಜೋಪಾನ ದೊಡ್ಡದು
(ಕಲಿಕಾ ಕೇಂದ್ರದಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ಆಡಿದ ಮಾತು)



ಹಬ್ಬ ಬಂತು, ಮದುವೆ ಬಂತು ಅಂದರೆ ನಾವು ಏನು ಮಾಡುತ್ತೇವೆ? ದಿನದ ಓಲೆ ಬಿಚ್ಚುತ್ತೇವೆ. ಪೆಟ್ಟಿಗೆಯಿಂದ ಜುಮುಕಿ ತೆಗೆದು ಹಾಕಿಕೊಳ್ಳುತ್ತೇವೆ. ಮಗಳಿಗೆ ಹೊಸ ಮೂಗುಬಟ್ಟು ಇಡುತ್ತೇವೆ. ಇದು ಮನೆಯಲ್ಲೇ ಆಗುವ ಕೆಲಸ. ಆದರೆ ಜೋಪಾನ ಬೇಕು. ಯಾಕೆ ಅಂತೀರಾ? ಕೇಳಿ.

ಕಿವಿ ಚುಚ್ಚಿಸಿದರೆ ಅದೂ ಒಂದು ಗಾಯವೇ. ಹೊರಗೆ ಒಣಗಿದ ಹಾಗೆ ಕಾಣುತ್ತೆ. ಒಳಗೆ ಇನ್ನೂ ಹಸಿ ಇರುತ್ತೆ. ಕಿವಿಯ ಹಾಲೆ ಮಾಯಲು ಕಡಿಮೆ ಅಂದರೂ 6 ವಾರ ಬೇಕು. ಮೂಗಿಗೆ ಕೆಲವು ತಿಂಗಳೇ ಬೇಕು. ಕಿವಿಯ ಮೇಲಿನ ಗಟ್ಟಿ ಭಾಗ ಇನ್ನೂ ನಿಧಾನ. ಅಲ್ಲಿ ಕೀವು ತುಂಬಿದರೆ ಕಿವಿಯ ಆಕಾರವೇ ಕೆಡಬಹುದು. ಪೂರ್ತಿ ಮಾಯುವ ತನಕ ಹಾಕಿದ ಒಡವೆ ಬದಲಿಸಬೇಡಿ. ಈಗ ನಿಮಗೆ ಅಂಕಿ ಗೊತ್ತು. ಚುಚ್ಚಿಸಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವಾರ ಎಣಿಸಿ.

ಮಾದ ಮೇಲೆ ಬದಲಿಸುವುದು ಹೇಗೆ?

ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಉಗುರಿನ ಸಂದಿಯನ್ನೂ ತೊಳೆಯಿರಿ. ಹೊಸ ಒಡವೆಯನ್ನೂ ಸೋಪು ನೀರಿನಲ್ಲಿ ತೊಳೆಯಿರಿ. ಬರೀ ಚಿನ್ನದ್ದಾದರೆ 10 ನಿಮಿಷ ನೀರಿನಲ್ಲಿ ಕುದಿಸಿ, ಆರಿಸಿ. ಕಲ್ಲು, ಮುತ್ತು, ಅರಗು ಇದ್ದರೆ ಕುದಿಸಬೇಡಿ. ಹಾಳಾಗುತ್ತೆ.

ಸ್ನಾನ ಆದ ಮೇಲೆ ಚರ್ಮ ಮೆತ್ತಗಿರುತ್ತೆ. ಆಗ ಬದಲಿಸಿ. ಬೆಳಕಿನಲ್ಲಿ ಕೂತು, ಕನ್ನಡಿ ಹಿಡಿದು ಮಾಡಿ. ಮೂಗುಬಟ್ಟು ತೆಗೆಯುವಾಗ ತಲೆ ಮುಂದಕ್ಕೆ ಬಗ್ಗಿಸಿ. ತಿರುಪು ಒಳಗೆ ಬಿದ್ದು ಉಸಿರಿನ ಜೊತೆ ಸೇರಿಬಿಟ್ಟರೆ ಪ್ರಾಣಕ್ಕೇ ಕುತ್ತು.

ಒಳಗೆ ಹೋಗದಿದ್ದರೆ ಒತ್ತಬೇಡಿ, ತಿವಿಯಬೇಡಿ. ರಕ್ತ ಬಂದರೆ ಅದು ಮತ್ತೆ ಹೊಸ ಗಾಯ. ತೂತು ಮುಚ್ಚಬಾರದು ಅಂತ ಪೊರಕೆ ಕಡ್ಡಿ ಚುಚ್ಚಬೇಡಿ. ಬೇವಿನ ಕಡ್ಡಿಯೂ ಬೇಡ.

ಒಬ್ಬರ ಓಲೆ ಇನ್ನೊಬ್ಬರು ಹಾಕಿಕೊಳ್ಳಬೇಡಿ. ಅದರಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಇರಬಹುದು. ರಕ್ತದಿಂದ ಕಾಮಾಲೆಯಂಥ ರೋಗ ಹರಡಬಹುದು. ಜಾತ್ರೆಯ ಅಗ್ಗದ ಓಲೆಯಲ್ಲಿ ನಿಕಲ್ ಅನ್ನೋ ಲೋಹ ಇರಬಹುದು. ಅದು ಕೆಲವರಿಗೆ ಆಗೋದಿಲ್ಲ. ನವೆ ಬರುತ್ತೆ, ನೀರು ಸೋರುತ್ತೆ. ಅಂಥವರು ಅದನ್ನು ಬಿಡಬೇಕು.

ಹಿರಿಯರು ಹೇಳಬಹುದು: "ನಮ್ಮ ಕಾಲದಲ್ಲಿ ಬೂದಿ, ಸಗಣಿ ಹಚ್ಚುತ್ತಿದ್ದೆವು. ಏನೂ ಆಗಲಿಲ್ಲ." ಅಜ್ಜಿ, ನಿಮಗೆ ಆಗಲಿಲ್ಲ, ಸಂತೋಷ. ಆದರೆ ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತೆ. ಸಣ್ಣ ಗಾಯದಿಂದಲೂ ಮೈ ಸೇರುತ್ತೆ. ದವಡೆ ಬಿಗಿಯುತ್ತೆ. ಬಾಯಿ ಬಿಡೋಕೆ ಆಗೋದಿಲ್ಲ. ಮೈ ಬಿಲ್ಲಿನ ಹಾಗೆ ಬಾಗುತ್ತೆ. ಧನುಸ್ಸು ಅಂದರೆ ಬಿಲ್ಲು. ಅದಕ್ಕೇ ಆ ಹೆಸರು. ಜೀವ ತೆಗೆಯುವ ರೋಗ ಅದು.

ಅದನ್ನು ತಡೆಯಲು ಚುಚ್ಚುಮದ್ದು ಇದೆ. ಮಗುವಾಗಿದ್ದಾಗ ಹಾಕಿಸಿದ್ದಲ್ಲದೆ 10 ವರ್ಷಕ್ಕೆ ಒಂದು, 16 ವರ್ಷಕ್ಕೆ ಒಂದು ಹಾಕಿಸಬೇಕು. ಬಸುರಿಯರಿಗೂ ಹಾಕುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಾಗಿಲ್ಲ. ಮಗಳಿಗೆ ಕಿವಿ, ಮೂಗು ಚುಚ್ಚಿಸುವ ಮೊದಲೇ ಅವಳ ಕಾರ್ಡು ತೆಗೆದು ಓದಿ. ಚುಚ್ಚುಮದ್ದು ಬಿಟ್ಟು ಹೋಗಿದೆಯಾ? ಆಶಾ ಕಾರ್ಯಕರ್ತೆಯನ್ನು ಕೇಳಿ.

ತೂತಿನ ಸುತ್ತ ಕೆಂಪಗಾಗಿ ಊದಿದರೆ, ಬಿಸಿ ಆದರೆ, ಕೀವು ಬಂದರೆ, ಜ್ವರ ಬಂದರೆ ತಡ ಮಾಡಬೇಡಿ. ಓಲೆಯನ್ನು ನೀವೇ ಕೀಳಬೇಡಿ. ತೂತು ಮುಚ್ಚಿ ಕೀವು ಒಳಗೇ ಉಳಿಯಬಹುದು. ತಿರುಪು ಚರ್ಮದೊಳಗೆ ಹೂತಿದ್ದರೆ ಎಳೆಯಬೇಡಿ. ಆಸ್ಪತ್ರೆಗೆ ಬನ್ನಿ. "ಇಷ್ಟಕ್ಕೆಲ್ಲಾ ಬಂದೆಯಾ" ಅಂತ ಯಾರೂ ನಗೋದಿಲ್ಲ.

ಓಲೆ ಅಂದ ಕೊಡಲಿ. ನೋವು ಕೊಡದಿರಲಿ. ಇಂದು ಕಲಿತ ಮಾತನ್ನು ಮನೆಯಲ್ಲಿ ಮಗಳಿಗೆ ಓದಿ ಹೇಳಿ, ಸೊಸೆಗೂ ಓದಿ ಹೇಳಿ.