ಬಿಲ್ಲು, ಬೈರಿಗೆ ಮತ್ತು ಬಿದಿರಿನ ಮೇಲಿನ ಅಪವಾದ



ಕಾಡಿಗೆ ಬೆಂಕಿ ಬಿದ್ದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಬಿದಿರಿಗೆ ಬಿದಿರು ತಿಕ್ಕಿ ಕಿಚ್ಚು ಹುಟ್ಟಿತು ಎಂದು. ಈ ಮಾತು ಎಷ್ಟು ದಿಟವೆಂಬುದನ್ನು ಅರಿಯಲು ಮರದಿಂದ ಬೆಂಕಿ ತೆಗೆಯುವ ಪ್ರಾಚೀನ ವಿದ್ಯೆಯನ್ನೇ ಕೇಳಬೇಕು.

ಯಜ್ಞಕ್ಕೆ ಅರಣಿಯನ್ನು ಕಡೆದು ಅಗ್ನಿಯನ್ನು ಪಡೆಯುವ ಪದ್ಧತಿ ಈ ನಾಡಿನಲ್ಲಿ ಇಂದಿಗೂ ಉಳಿದಿದೆ. ಅದಕ್ಕೆ ಅಶ್ವತ್ಥದ ಮರ, ಅದರಲ್ಲೂ ಬನ್ನಿಯ ಮೇಲೆ ಬೆಳೆದ ಅಶ್ವತ್ಥ, ಶ್ರೇಷ್ಠವೆನ್ನುತ್ತಾರೆ. ಕೆಳಗಿನ ಹಲಗೆಯ ಕುಳಿಯಲ್ಲಿ ಕಡ್ಡಿಯನ್ನು ನಿಲ್ಲಿಸಿ, ಒಬ್ಬರು ಮೇಲಿನಿಂದ ಅದುಮಿದರೆ ಇನ್ನೊಬ್ಬರು ಹಗ್ಗದಿಂದ ಮಜ್ಜಿಗೆ ಕಡೆದಂತೆ ಕಡೆಯುತ್ತಾರೆ. ಹಗ್ಗದ ಬದಲು ಬಿಲ್ಲಿನ ಹುರಿಯನ್ನು ಸುತ್ತಿದರೆ ಒಬ್ಬರೇ ಈ ಕೆಲಸ ಮಾಡಬಹುದು. ಬಡಗಿಯ ಬಿಲ್ಲಿನ ಬೈರಿಗೆಯ ತತ್ವವೂ ಇದೇ. 1922ರಲ್ಲಿ ಪತ್ತೆಯಾದ ಈಜಿಪ್ಟಿನ ತುತಂಖಾಮನ್ ದೊರೆಯ ಸಮಾಧಿಯಲ್ಲಿಯೂ ಇಂತಹ ಬೆಂಕಿ ಬೈರಿಗೆ ದೊರೆಯಿತು.

ಈ ವಿದ್ಯೆಯ ನಿಯಮಗಳು ಕಠಿಣ. ಹಲಗೆ, ಕಡ್ಡಿ ಎರಡೂ ಪೂರ್ಣ ಒಣಗಿರಬೇಕು, ಮರ ಮೆದುವಾಗಿರಬೇಕು. ಕಡ್ಡಿಯ ತಲೆಯನ್ನು ತೆಂಗಿನ ಚಿಪ್ಪಿನಿಂದಲೋ ಕುಳಿಯಿರುವ ಕಲ್ಲಿನಿಂದಲೋ ಒತ್ತಿ ಹಿಡಿಯಬೇಕು. ಕುಳಿಯ ಅಂಚಿನಲ್ಲಿ ಒಂದು ಕಚ್ಚು ಇರಬೇಕು. ಸವೆದ ಕಪ್ಪು ಪುಡಿ ಅಲ್ಲಿಯೇ ರಾಶಿಯಾಗಬೇಕು. ಶಾಖವು ಚದುರದೆ ಆ ಪುಡಿಯಲ್ಲಿ ಸುಮಾರು 400 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಮಾತ್ರ ಕೆಂಡ ಹುಟ್ಟುತ್ತದೆ. ಅದೂ ಜ್ವಾಲೆಯಲ್ಲ, ಕಡಲೆಕಾಳಿನಷ್ಟು ಕೆಂಡ. ಒಣ ನಾರಿನ ಗೂಡಿನಲ್ಲಿಟ್ಟು ಮೆಲ್ಲನೆ ಊದಿದರೆ ಉರಿ ಏಳುತ್ತದೆ. ಮರ ತುಸು ಹಸಿಯಾಗಿದ್ದರೆ ಹೊಗೆಯಷ್ಟೇ ಫಲ.

ಈಗ ಬಿದಿರು ಮೆಳೆಯನ್ನು ನೋಡಿರಿ. ಗಾಳಿಗೆ ತೂಗುವ ಗಳಗಳು ಆಗೊಮ್ಮೆ ಈಗೊಮ್ಮೆ ತಾಗುತ್ತವೆ. ಒಂದೇ ಬಿಂದುವಿನಲ್ಲಿ ನಿರಂತರ ಒತ್ತಡವಿಲ್ಲ, ಪುಡಿ ಕೂಡುವ ಕಚ್ಚಿಲ್ಲ. ಜೀವಂತ ಗಳದಲ್ಲಿ ತೇವವೂ ಇದೆ. ಅಭ್ಯಾಸವುಳ್ಳ ಕೈಗಳೇ ಬೆವರು ಸುರಿಸಿ ಪಡೆಯುವುದನ್ನು ಗಾಳಿಯು ಸುಲಭವಾಗಿ ಪಡೆಯುವುದೆಂದು ನಂಬುವುದು ಕಷ್ಟ. ಹೂಬಿಟ್ಟು ಸತ್ತು ಒಣಗಿದ ಬಿದಿರು ಬೆಂಕಿಗೆ ಮೇವಾಗುವುದು ನಿಜ. ಆದರೆ ಮೇವು ಬೇರೆ, ಕಿಡಿ ಬೇರೆ.

ಭಾರತದ ಕಾಡ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯನಿಂದಲೇ ಹುಟ್ಟುವಂಥವು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಾಗ ಬೆಂಕಿ ಹಚ್ಚಿದ ಆರೋಪದ ಮೇಲೆ ಬಂಧನಗಳೂ ನಡೆದವು. ಬೆಂಗಳೂರಿನ ದಕ್ಷಿಣದಲ್ಲಿ, ಕೆಂಗೇರಿಗೆ ಸಮೀಪದ ತುರಹಳ್ಳಿ ಕಿರು ಅರಣ್ಯದ ಹುಲ್ಲಿಗೂ ಬೇಸಿಗೆಯಲ್ಲಿ ಒಂದು ಬೀಡಿತುಂಡು, ಆರಿಸದ ಒಂದು ಒಲೆ ಸಾಕು. ವಿಜಯನಗರ, ರಾಜಾಜಿನಗರಗಳಿಂದ ವಿಹಾರಕ್ಕೆ ಬರುವವರೂ, ಹೊಸ ಹುಲ್ಲಿಗಾಗಿ ಹಳೆಯದನ್ನು ಸುಡುವ ಗುಡ್ಡದವರೂ ಇದನ್ನು ಸಮಾನವಾಗಿ ನೆನೆಯಬೇಕು.

ಬಿದಿರಿನ ಮೇಲೆ ಹೊರಿಸಿದ ಅಪವಾದ ಹಾನಿಯಿಲ್ಲದ ಕಥೆಯಲ್ಲ. ಬೆಂಕಿ ತಾನಾಗಿ ಹುಟ್ಟಿತೆಂದ ಮೇಲೆ ಕಾರಣ ಹುಡುಕುವವರಿಲ್ಲ. ಬೆಂಕಿರೇಖೆ ಸವರುವ, ಕಾವಲು ಕೂರುವ ಹೊಣೆಯೂ ಯಾರದೂ ಅಲ್ಲವೆಂದಾಗುತ್ತದೆ.

ವಿದ್ಯಾರ್ಥಿಗಳು ಬಿಲ್ಲಿನ ಬೈರಿಗೆಯನ್ನು ಕಲಿಯಲಿ. ಕಾಡಿನಲ್ಲಿ ಅಲ್ಲ, ಗುಡಿಸಿದ ಅಂಗಳದಲ್ಲಿ, ಪಕ್ಕದಲ್ಲಿ ನೀರಿನ ಕೊಡವಿಟ್ಟು, ಹಿರಿಯರ ಎದುರಿನಲ್ಲಿ. ಒಂದು ಕೆಂಡಕ್ಕೆ ಎಷ್ಟು ಶ್ರಮವೆಂದು ಅರಿತ ಕೈ, ಉರಿಯುವ ಕಡ್ಡಿಯನ್ನು ಒಣಹುಲ್ಲಿಗೆ ಎಸೆಯಲು ಹಿಂಜರಿಯುತ್ತದೆ.