ಡಾಕ್ಟರಾಗಬೇಕೆಂಬ ಮಕ್ಕಳು ಯಾವ ವಿಷಯ ಓದಬೇಕು?
(ರಜತ ಮಹೋತ್ಸವದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಜೂನ್ ತಿಂಗಳು ಬಂತೆಂದರೆ ನಾವು ಸಾಲದ ಅರ್ಜಿ ಬರೆಯುವಾಗ ಒಂದೇ ಪ್ರಶ್ನೆ ಕೇಳ್ತಾರೆ: "ಹುಡುಗಿ ಹುಷಾರದಾಳ, ಡಾಕ್ಟರ್ ಆಗ್ತೀನಂತಾಳ, ಏನ್ ಓದಿಸೋಣ?" ಕಬ್ಬು, ಬಾಳೆ ಬೆಳೆಯುವ ನಮಗೆ ಈ ಪ್ರಶ್ನೆ ಸುಲಭದ್ದಲ್ಲ. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷ ಯಾವುದಾದರೂ ಡಿಗ್ರಿ ಮಾಡಿ, ಆಮೇಲೆ ಮೆಡಿಕಲ್‌ಗೆ ಹೋಗ್ತಾರಂತೆ. ಇತಿಹಾಸ ಓದಿದವನೂ ಬೇಕಾದ ವಿಜ್ಞಾನ ಪಾಠಗಳನ್ನು ಮುಗಿಸಿದರೆ ಅರ್ಜಿ ಹಾಕಬಹುದು. ನಮ್ಮಲ್ಲಿ ಹಾಗಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿದ ಹದಿನಾರರ ಮಗುವೇ ನಿರ್ಧರಿಸಬೇಕು.

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಇರಲೇಬೇಕು. ನಮ್ಮವರು ಸಾಮಾನ್ಯವಾಗಿ ಪಿ.ಸಿ.ಎಂ.ಬಿ. ತಗೋತಾರೆ, ಅದೇ ಒಳ್ಳೇದು. ನೀಟ್‌ನಲ್ಲಿ ಗಣಿತ ಬರುವುದಿಲ್ಲ, ನಿಜ. ಆದರೆ ಗಣಿತವಿದ್ದರೆ ಇಂಜಿನಿಯರಿಂಗ್ ಬಾಗಿಲು ಮುಚ್ಚುವುದಿಲ್ಲ.

ನಾವು ಕಂಡ ಒಂದು ಮಾತು ಹೇಳ್ತೀವಿ. ನಮ್ಮ ಸದಸ್ಯರೊಬ್ಬರ ಮಗ ಗೆಳೆಯರ ಮಾತು ಕೇಳಿ ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ತಗೊಂಡ. ಎರಡನೇ ವರ್ಷದಲ್ಲಿ ಡಾಕ್ಟರಾಗುವ ಆಸೆ ಹುಟ್ಟಿತು. ಅಪ್ಪ ನಮ್ಮ ಕಟ್ಟೆ ಮೇಲೆ ಕೂತು ತಲೆ ಮೇಲೆ ಕೈಹೊತ್ತು ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಆಗ ದಾರಿ ಇರಲಿಲ್ಲ. 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಪಿ.ಯು.ಸಿ. ಆದ ಮೇಲೂ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಮಾನ್ಯ ಮಂಡಳಿಯಿಂದ ಪಾಸು ಮಾಡಬಹುದೆಂದು ತಿಳಿಸಿತು. ಆದರೂ ಒಂದು ವರ್ಷ ಹೋದದ್ದು ಹೋದದ್ದೇ.

ನಮ್ಮ ರಾಜ್ಯದಲ್ಲಿ ಸಿ.ಇ.ಟಿ. 1994ರಲ್ಲಿ ಬಂತು. ಈಗ ಮೆಡಿಕಲ್‌ಗೆ ನೀಟ್. ಒಟ್ಟು 180 ಪ್ರಶ್ನೆ, 720 ಅಂಕ. ಅದರಲ್ಲಿ ಜೀವಶಾಸ್ತ್ರವೇ 90 ಪ್ರಶ್ನೆ, ಅರ್ಧಕ್ಕರ್ಧ! ತಪ್ಪು ಉತ್ತರಕ್ಕೆ ಒಂದಂಕ ಕಳೆಯುತ್ತಾರೆ. 2017ರಿಂದ ಕನ್ನಡದಲ್ಲೂ ಬರೆಯಬಹುದು. ಅರ್ಜಿ ತುಂಬುವಾಗಲೇ ಭಾಷೆ ಆರಿಸಬೇಕು, ಇದನ್ನು ಮರೆಯಬೇಡಿ.

ಇನ್ನು ಕಾಗದ ಪತ್ರದ ಮಾತು. ನಮ್ಮ ಭಾಗಕ್ಕೆ 371(ಜೆ) ಇದೆ. ಇಲ್ಲಿನ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟು ಸ್ಥಳೀಯರಿಗೆ. 1961ರಲ್ಲಿ ಶುರುವಾದ ಬಳ್ಳಾರಿಯ ಮೆಡಿಕಲ್ ಕಾಲೇಜು (ಈಗಿನ ವಿಮ್ಸ್) ಮತ್ತು 2015ರ ಕೊಪ್ಪಳದ ಕಾಲೇಜು ನಮಗೆ ಹತ್ತಿರದವು. ಆ ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಮುಂಚೆಯೇ ಮಾಡಿಸಿ. ಕೊನೇ ವಾರ ಓಡಾಡಿದರೆ ಸಿಗಲಾರದು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಬೇರೆ ಮೀಸಲಾತಿ ಇದೆ. ಆದರೆ ಪಟ್ಟಣವೆಂದು ಗುರುತಾದ ಊರಿನಲ್ಲಿ ಓದಿದರೆ ಗ್ರಾಮೀಣ ಮೀಸಲು ಸಿಗದು. ಕಮಲಾಪುರದ ಶಾಲೆಯಲ್ಲಿ ಓದಿಸಿದವರು ಇದನ್ನು ವಿಚಾರಿಸಿಕೊಳ್ಳಬೇಕು.

ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಎಲ್ಲರಿಗೂ ಸೀಟು ಸಿಗೋದಿಲ್ಲ. ಸಿಗದಿದ್ದರೆ ಇದೇ ಜೀವಶಾಸ್ತ್ರದ ಮೇಲೆ ಕೃಷಿ ಬಿ.ಎಸ್ಸಿ., ಪಶುವೈದ್ಯ, ನರ್ಸಿಂಗ್ ಇವೆ. ಕೃಷಿ ಪದವಿಗೆ ರೈತರ ಮಕ್ಕಳಿಗೆಂದೇ ಕೋಟಾ ಉಂಟು, ನಮ್ಮ ಪಹಣಿಗಳು ಅಲ್ಲಿ ಕೆಲಸಕ್ಕೆ ಬರ್ತಾವ. ಪಶುವೈದ್ಯರಿಗಾಗಿ ನಾವು ಎಮ್ಮೆ ಹಿಡಕೊಂಡು ಎಷ್ಟು ದಿನ ಕಾದಿಲ್ಲ, ನೀವೇ ಹೇಳಿ!

ಈ ವಿಷಯದ ಬಗ್ಗೆ ಇನ್ನೇನಾದರೂ ಕೇಳುವುದಿದ್ದರೆ ಸಭೆ ಮುಗಿದ ಮೇಲೆ ಮಕ್ಕಳನ್ನೂ ಕರೆದುಕೊಂಡು ಬನ್ನಿ. ನಾವು ಸಂಘದ ಕಚೇರಿಯಲ್ಲೇ ಇರ್ತೀವಿ.