ಪರದೇಶದಲ್ಲಿ ವಿಮಾನಚಾಲಕ ವೃತ್ತಿ



ಬೀದರ ಜಿಲ್ಲೆಯ ಮನ್ನಾಏಖೇಳ್ಳಿಯು ದೊಡ್ಡ ಪಟ್ಟಣವೇನೂ ಅಲ್ಲ. ಪುಣೆಯಿಂದ ಹುಮನಾಬಾದಿನ ಮೇಲೆ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಬೀದರಿನ ಕಡೆಗೆ ದಾರಿ ಕವಲೊಡೆಯುವಲ್ಲಿ ನಿಂತಿರುವ ಊರು. ಸುತ್ತಲೂ ತೊಗರಿ, ಉದ್ದು, ಕಬ್ಬುಗಳ ಹೊಲಗಳು. ಆದರೂ ಈ ಸೀಮೆಯ ಮಕ್ಕಳಿಗೆ ವಿಮಾನವೆಂಬುದು ಕಥೆಯಲ್ಲಿ ಕೇಳಿದ ವಸ್ತುವಲ್ಲ. ಬೀದರಿನಲ್ಲಿ ಭಾರತೀಯ ವಾಯುಪಡೆಯ ತರಬೇತಿ ನೆಲೆಯಿದೆ; 2008ರಲ್ಲಿ ಹಾಕ್ ಎಂಬ ಜೆಟ್ ತರಬೇತಿ ವಿಮಾನಗಳು ಅಲ್ಲಿ ಸೇವೆಗೆ ಸೇರಿದುವು. 2019ರ ನವೆಂಬರಿನಲ್ಲಿ ಕಲಬುರಗಿಯಲ್ಲಿಯೂ 2020ರ ಫೆಬ್ರುವರಿಯಲ್ಲಿ ಬೀದರಿನಲ್ಲಿಯೂ ಪ್ರಯಾಣಿಕರ ವಿಮಾನ ಸಂಚಾರಕ್ಕೆ ಆರಂಭವಾಯಿತು. ಇಂಥ ಊರಿನ ಹುಡುಗನೋ ಹುಡುಗಿಯೋ ‘ನಾನು ವಿಮಾನ ನಡೆಸುವುದನ್ನು ಕಲಿತು ಪರದೇಶದಲ್ಲಿ ಕೆಲಸ ಹಿಡಿಯುತ್ತೇನೆ’ ಎಂದರೆ ನಗತಕ್ಕದ್ದೇನೂ ಇಲ್ಲ. ಆದರೆ ಆ ಮಾತಿನ ಬೆನ್ನಿಗೇ ಮನೆಯಲ್ಲಿ ಹೊಲದ ಕಾಗದಪತ್ರಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಏಕೆಂದರೆ ಈ ವಿದ್ಯೆಗೆ ತಗಲುವ ವೆಚ್ಚ ಹತ್ತಾರು ಲಕ್ಷ ರೂಪಾಯಿ. ಹೊಲವನ್ನು ಮಾರುವ ಮೊದಲು ಆ ತಂದೆತಾಯಿಗಳು ತಿಳಿದಿರಬೇಕಾದುದು ಏನು ಎಂಬುದೇ ಇಂದಿನ ನನ್ನ ಭಾಷಣದ ವಿಷಯ.

ನಮ್ಮವರು ಹಾರಾಟದ ಕೆಲಸಕ್ಕಾಗಿ ಕಡಲು ದಾಟಿದುದು ಹೊಸ ಸಂಗತಿಯಲ್ಲ. 1940ರಲ್ಲಿ, ಇಂಗ್ಲೆಂಡಿನ ಮೇಲೆ ಬಾಂಬುಗಳು ಬೀಳುತ್ತಿದ್ದ ಕಾಲದಲ್ಲಿ, ಭಾರತದಿಂದ 24 ಮಂದಿ ವಿಮಾನಚಾಲಕರು ಅಲ್ಲಿನ ರಾಯಲ್ ಏರ್ ಫೋರ್ಸಿನಲ್ಲಿ ದುಡಿಯಲು ಹಡಗು ಹತ್ತಿದರು. ಅವರಲ್ಲೊಬ್ಬರಾದ ಮಹಿಂದರ್ ಸಿಂಗ್ ಪುಜ್ಜಿಯವರು ಅದಕ್ಕೆ ಮೊದಲು ಸ್ವದೇಶದ ಹಿಮಾಲಯ ಏರ್‌ವೇಸಿನಲ್ಲಿ ವಿಮಾನ ನಡೆಸಿದ್ದವರು. ಕೈಯಲ್ಲಿ ಅನುಭವವಿದ್ದುದರಿಂದಲೇ ಅವರಿಗೆ ಕರೆ ಬಂದಿತು. ಇನ್ನೊಂದು ನಿದರ್ಶನ ನಮ್ಮ ಸೀಮೆಗೆ ಹತ್ತಿರದ್ದು. ಆಗ ಮನ್ನಾಏಖೇಳ್ಳಿಯೂ ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿ ನಿಜಾಮ್ ಸರ್ಕಾರವೂ ಟಾಟಾ ಸಂಸ್ಥೆಯೂ ಕೂಡಿ ನಡೆಸಿದ ಡೆಕ್ಕನ್ ಏರ್‌ವೇಸ್ ಎಂಬ ಕಂಪನಿಯಿತ್ತು. 1947ರಲ್ಲಿ ವಾಣಿಜ್ಯ ಲೈಸೆನ್ಸು ಪಡೆದ ಪ್ರೇಮ್ ಮಾಥುರ್ ಎಂಬ ಮಹಿಳೆಗೆ ಕಂಪನಿಗಳು ಒಂದಾದ ಮೇಲೊಂದು ಕೆಲಸ ನಿರಾಕರಿಸಿದುವು. ಕಡೆಗೆ ಕೆಲಸ ಕೊಟ್ಟದ್ದು ಈ ಡೆಕ್ಕನ್ ಏರ್‌ವೇಸು. ಲೈಸೆನ್ಸು ಬೇರೆ, ಉದ್ಯೋಗ ಬೇರೆ ಎಂಬುದನ್ನು ನಾವು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನು ಲೈಸೆನ್ಸಿನ ವಿಚಾರ. ಒಂದು ದೇಶದಲ್ಲಿ ಪಡೆದ ಸನ್ನದು ಎಲ್ಲ ದೇಶಗಳಲ್ಲಿಯೂ ನಡೆಯುವುದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಹಿಂದೆ ನಿಜಾಮರ ಸೀಮೆಯಲ್ಲಿ ಹಾಲಿ ಸಿಕ್ಕಾ ರೂಪಾಯಿ ನಡೆಯುತ್ತಿತ್ತು. ಗಡಿಯಾಚೆ ಸೊಲ್ಲಾಪುರದ ಪೇಟೆಗೆ ಹೋದವನು ಅದನ್ನು ವಟ್ಟ ಕೊಟ್ಟು ಕಲ್ದಾರ ರೂಪಾಯಿಗೆ ಬದಲಿಸಿಕೊಳ್ಳಬೇಕಾಗಿತ್ತು. ಬೆಳ್ಳಿ ಬೆಳ್ಳಿಯೇ ಆದರೂ ಮುದ್ರೆ ಬೇರೆ. ವಿಮಾನಚಾಲಕನ ಲೈಸೆನ್ಸೂ ಅಂಥದೇ. 1944ರ ಡಿಸೆಂಬರ್ 7ರಂದು ಷಿಕಾಗೋ ನಗರದಲ್ಲಿ ರಾಷ್ಟ್ರಗಳು ಸಹಿ ಹಾಕಿದ ಒಪ್ಪಂದದ ಮೊದಲನೆಯ ವಿಧಿಯು, ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಣ ಆಕಾಶದಲ್ಲಿ ಪೂರ್ಣ ಪ್ರಭುತ್ವವುಂಟೆಂದು ಹೇಳುತ್ತದೆ. ಅದರ 32ನೆಯ ವಿಧಿಯಂತೆ, ವಿಮಾನವು ಯಾವ ದೇಶದಲ್ಲಿ ನೋಂದಾವಣೆಯಾಗಿದೆಯೋ ಆ ದೇಶವು ಕೊಟ್ಟ ಅಥವಾ ಮಾನ್ಯ ಮಾಡಿದ ಲೈಸೆನ್ಸು ಅದರ ಚಾಲಕನಲ್ಲಿರಬೇಕು. ಅದೇ ವಿಧಿಯಲ್ಲಿ ಇನ್ನೊಂದು ಮಾತೂ ಉಂಟು: ತನ್ನ ಪ್ರಜೆಯು ಬೇರೆ ದೇಶದಿಂದ ತಂದ ಲೈಸೆನ್ಸನ್ನು ತನ್ನ ಆಕಾಶದ ಮಟ್ಟಿಗೆ ಒಪ್ಪದಿರುವ ಹಕ್ಕು ಪ್ರತಿ ರಾಷ್ಟ್ರಕ್ಕೂ ಇದೆ. ಆದುದರಿಂದ ಅಮೆರಿಕದಲ್ಲಿ ಕಲಿತು ಬಂದ ಭಾರತೀಯನೂ ಇಲ್ಲಿಯ ಪರೀಕ್ಷೆಗಳನ್ನು ಕೊಟ್ಟೇ ತನ್ನ ಸನ್ನದನ್ನು ಬದಲಿಸಿಕೊಳ್ಳಬೇಕು.

ಈ ವಟ್ಟದ ಪ್ರಮಾಣವು ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ವಾಣಿಜ್ಯ ಲೈಸೆನ್ಸಿಗೆ 18 ವರ್ಷ ವಯಸ್ಸು, ಭೌತಶಾಸ್ತ್ರ ಗಣಿತಗಳೊಡನೆ 12ನೆಯ ತರಗತಿಯ ತೇರ್ಗಡೆ, 200 ಗಂಟೆಗಳ ಹಾರಾಟ, ಮೊದಲನೆಯ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ, ಇವು ಬೇಕು. ಯೂರೋಪಿನಲ್ಲಿ ಅತ್ಯುಚ್ಚ ದರ್ಜೆಯ ಲೈಸೆನ್ಸಿಗೆ 13 ವಿಷಯಗಳಲ್ಲಿ ಲಿಖಿತ ಪರೀಕ್ಷೆಯುಂಟು. ಹೊರಗಿನಿಂದ ಬಂದವನೂ ಅವನ್ನು ಬರೆಯಬೇಕು. ಅಮೆರಿಕದಲ್ಲಿ 2009ರಲ್ಲಿ ಬಫೆಲೋ ನಗರದ ಬಳಿ ನಡೆದ ವಿಮಾನ ದುರಂತದಲ್ಲಿ 50 ಜನ ಮಡಿದ ತರುವಾಯ ನಿಯಮಗಳು ಬಿಗಿಯಾದುವು. 2013ರಿಂದ ಅಲ್ಲಿಯ ಪ್ರಯಾಣಿಕ ಕಂಪನಿಗಳಲ್ಲಿ ಸಹಚಾಲಕನಾಗುವುದಕ್ಕೂ ಸಾಮಾನ್ಯವಾಗಿ 1500 ಗಂಟೆಗಳ ಅನುಭವ ಬೇಕಾಯಿತು. 200 ಗಂಟೆಗಳನ್ನು ಹಣ ಕೊಟ್ಟು ಪಡೆಯಬಹುದು. ಉಳಿದ 1300 ಗಂಟೆಗಳನ್ನು ಹಾಗೆ ಪಡೆಯುವ ಶಕ್ತಿ ಶ್ರೀಮಂತರಿಗೂ ಅಪರೂಪ. ಅವನ್ನು ದುಡಿದೇ ಗಳಿಸಬೇಕು. ಅಲ್ಲದೆ, ಕಲಿಯುವುದಕ್ಕೆ ದೊರೆತ ವೀಸಾದಲ್ಲಿ ಅಲ್ಲಿಯೇ ನೆಲೆಸಿ ಉದ್ಯೋಗ ಮಾಡುವ ಹಕ್ಕು ತಾನಾಗಿ ಬರುವುದಿಲ್ಲ. ಲೈಸೆನ್ಸು ಕೊಡುವ ಕಚೇರಿ ಒಂದು, ಕೆಲಸಕ್ಕೆ ಅನುಮತಿ ಕೊಡುವ ಕಚೇರಿ ಇನ್ನೊಂದು.

ಹಾಗಾದರೆ ಪರದೇಶದವರನ್ನು ಕೆಲಸಕ್ಕೆ ಕರೆಯುವ ನಾಡುಗಳೇ ಇಲ್ಲವೆ? ಉಂಟು. ವಿಮಾನಗಳು ಹೆಚ್ಚಾಗಿಯೂ ಸ್ವಂತ ಪ್ರಜೆಗಳು ಕಡಮೆಯಾಗಿಯೂ ಇರುವ ಕಡೆ ಹೊರಗಿನವರಿಗೆ ಎಡೆ ದೊರೆಯುತ್ತದೆ. ಪಾರಸಿ ಕೊಲ್ಲಿಯ ನಾಡುಗಳು ಇದಕ್ಕೆ ಉದಾಹರಣೆ. ದುಬೈಯ ಎಮಿರೇಟ್ಸ್ ಕಂಪನಿಯು 1985ರಲ್ಲಿ ಹುಟ್ಟಿದಾಗ ಪಾಕಿಸ್ತಾನದ ಸರ್ಕಾರಿ ವಿಮಾನ ಸಂಸ್ಥೆಯಿಂದ ಎರವಲು ಪಡೆದ ಎರಡು ವಿಮಾನಗಳಿಂದ ಆರಂಭಿಸಿತು. ಮುಂದೆ ಅದು ಹಲವು ದೇಶಗಳ ಚಾಲಕರನ್ನು ಸೇರಿಸಿಕೊಂಡು ಬೆಳೆಯಿತು. ಆದರೆ ಅಂಥ ಕಂಪನಿಗಳು ಹುಡುಕುವುದು ಹೊಸಬರನ್ನಲ್ಲ. ದೊಡ್ಡ ವಿಮಾನಗಳಲ್ಲಿ ಸಾವಿರಗಟ್ಟಲೆ ಗಂಟೆ ಹಾರಿದವರನ್ನು. ಆದುದರಿಂದ ಪರದೇಶದ ದಾರಿಯು ಬಹುಮಟ್ಟಿಗೆ ಸ್ವದೇಶದ ಕಂಪನಿಯ ಕೆಲಸದ ಮೂಲಕವೇ ಹಾದುಹೋಗುತ್ತದೆ. ಆ ಕಂಪನಿಯನ್ನು ಬಿಡುವುದೂ ಒಂದು ದಿನದ ಮಾತಲ್ಲ. 2017ರಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು, ಕೆಲಸ ಬಿಡುವ ಮುಖ್ಯ ಚಾಲಕನು ಒಂದು ವರ್ಷ ಮುಂಚಿತವಾಗಿಯೂ ಸಹಚಾಲಕನು ಆರು ತಿಂಗಳು ಮುಂಚಿತವಾಗಿಯೂ ತಿಳಿಸಬೇಕೆಂದು ವಿಧಿಸಿತು.

ಕೆಲವೊಮ್ಮೆ ಆಸೆಯಿಂದಲ್ಲದೆ ಅಗತ್ಯದಿಂದಲೂ ಹೊರಡಬೇಕಾಗುತ್ತದೆ. ಬೆಂಗಳೂರನ್ನು ಕೇಂದ್ರವಾಗಿ ಮಾಡಿಕೊಂಡು 2005ರಲ್ಲಿ ಹಾರಾಟ ಆರಂಭಿಸಿದ ಕಿಂಗ್‌ಫಿಷರ್ ಕಂಪನಿಯು, ತಿಂಗಳುಗಟ್ಟಲೆ ಸಂಬಳ ಬಾಕಿಯುಳಿಸಿ 2012ರ ಅಕ್ಟೋಬರಿನಲ್ಲಿ ನಿಂತುಹೋಯಿತು. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸಿಗೂ ಅದೇ ಗತಿಯಾಯಿತು. ಮರುವರ್ಷವೇ ಕೋವಿಡ್ ವ್ಯಾಧಿಯಿಂದ ಲೋಕದ ವಿಮಾನಗಳೆಲ್ಲ ನೆಲದ ಮೇಲೆ ಸಾಲುಗಟ್ಟಿ ನಿಂತಾಗ, ಪರದೇಶದಲ್ಲಿದ್ದ ಚಾಲಕರೂ ಕೆಲಸ ಕಳೆದುಕೊಂಡರು. ಕೆಲಸ ಹೋದೊಡನೆ ಆ ದೇಶದಲ್ಲಿ ವಾಸಿಸುವ ಅನುಮತಿಯೂ ಹೋಗುವುದೇ ಹೊರನಾಡಿಗರ ಕಷ್ಟ. ಊರಿನಲ್ಲಿ ಹೊಲವುಳಿದಿದ್ದವನು ಮರಳಿ ಬಂದು ಕಾಯಬಲ್ಲನು. ಹೊಲ ಮಾರಿ ಹೋದವನಿಗೆ ಸಾಲವು ಕಾಯುವುದಿಲ್ಲ.

ಭಾಷೆಯ ವಿಷಯವಾಗಿ ಗ್ರಾಮಾಂತರದ ವಿದ್ಯಾರ್ಥಿಗಳಿಗೆ ಬಹಳ ಅಂಜಿಕೆ. 1996ರ ನವೆಂಬರ್ 12ರಂದು ದೆಹಲಿಯ ಸಮೀಪದ ಚರ್ಖಿ ದಾದ್ರಿಯಲ್ಲಿ ಎರಡು ವಿಮಾನಗಳು ಆಕಾಶದಲ್ಲಿಯೇ ಡಿಕ್ಕಿ ಹೊಡೆದು 349 ಜನ ಸತ್ತರು. ಒಂದು ವಿಮಾನದವರಿಗೆ ಇಂಗ್ಲಿಷ್ ಸರಿಯಾಗಿ ತಿಳಿಯದಿದ್ದುದೂ ಅದಕ್ಕೆ ಕಾರಣವಾಗಿತ್ತು. ಇಂಥ ಅನುಭವಗಳಿಂದ, 2008ರಿಂದ ಅಂತರರಾಷ್ಟ್ರೀಯ ಹಾರಾಟದ ಚಾಲಕರಿಗೆ ಭಾಷಾ ಪರೀಕ್ಷೆ ಕಡ್ಡಾಯವಾಯಿತು. ಆರು ಮಟ್ಟಗಳಲ್ಲಿ ನಾಲ್ಕನೆಯದನ್ನಾದರೂ ಮುಟ್ಟಬೇಕು. ಅಲ್ಲಿ ನೋಡುವುದು ದೊರೆಗಳ ಉಚ್ಚಾರಣೆಯನ್ನಲ್ಲ, ಸ್ಪಷ್ಟತೆಯನ್ನು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ತೆಲುಗುಗಳನ್ನು ಕೇಳಿ ಬೆಳೆಯುವ ನಮ್ಮ ಸೀಮೆಯ ಮಕ್ಕಳಿಗೆ ಇನ್ನೊಂದು ಭಾಷೆ ಅಸಾಧ್ಯವಲ್ಲ.

ಈಗ ಕ್ರಮವನ್ನು ಹೇಳುತ್ತೇನೆ. ಮೊದಲು ವೈದ್ಯಕೀಯ ಪರೀಕ್ಷೆ. ದೃಷ್ಟಿಯಲ್ಲಿ, ಬಣ್ಣಗಳ ಅರಿವಿನಲ್ಲಿ, ಹೃದಯದಲ್ಲಿ ದೋಷವಿದ್ದರೆ ಅದು ಹೊಲ ಮಾರುವ ಮುನ್ನವೇ ತಿಳಿಯಲಿ. ಎರಡನೆಯದಾಗಿ, ದಾರಿ ಕಾಣುವ ಶಾಸ್ತ್ರ, ಹವಾಮಾನ, ವಿಮಾನ ನಿಯಮ, ಯಂತ್ರಜ್ಞಾನಗಳ ಲಿಖಿತ ಪರೀಕ್ಷೆಗಳು. ಇವುಗಳಿಗೆ ಹಾರಾಟದಷ್ಟು ವೆಚ್ಚವಿಲ್ಲ, ಹುಡುಗನ ನಿಶ್ಚಯವೂ ಇಲ್ಲಿ ಗೊತ್ತಾಗುತ್ತದೆ. ಮೂರನೆಯದಾಗಿ, ಎಲ್ಲಿ ಕೆಲಸ ಮಾಡಬೇಕೆಂಬುದನ್ನು ನಿಶ್ಚಯಿಸಿ ಅನಂತರ ಎಲ್ಲಿ ಕಲಿಯಬೇಕೆಂಬುದನ್ನು ಆರಿಸುವುದು. ದೂರವೇ ಹೋಗಬೇಕೆಂದಿಲ್ಲ, 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹಾರಾಟದ ಶಾಲೆಗಳಿಗಾಗಿ ಆರಿಸಿದ 5 ನಿಲ್ದಾಣಗಳಲ್ಲಿ ನಮ್ಮ ನೆರೆಯ ಕಲಬುರಗಿಯೂ ಬೆಳಗಾವಿಯೂ ಇದ್ದುವು. ನಾಲ್ಕನೆಯದಾಗಿ, ಹಾರಾಟದ ದಿನಚರಿ ಪುಸ್ತಕದಲ್ಲಿ ಒಂದು ಗಂಟೆಯನ್ನೂ ಸುಳ್ಳು ಬರೆಯಬಾರದು. ಪರದೇಶದ ಕಂಪನಿಯು ಮೊದಲು ತೆರೆಯುವುದು ಆ ಪುಸ್ತಕವನ್ನೇ. ಕಡೆಯದಾಗಿ, ಹಣ ಕೊಟ್ಟರೆ ದುಬೈಯಲ್ಲಿ ಕೆಲಸ ಕೊಡಿಸುವೆನೆಂಬ ದಲ್ಲಾಳಿಯ ಮಾತನ್ನು ನಂಬಬಾರದು. 1983ರ ವಲಸೆ ಕಾಯಿದೆಯಂತೆ ಹೊರದೇಶದ ಕೆಲಸಕ್ಕೆ ಜನರನ್ನು ಸೇರಿಸುವವನು ಸರ್ಕಾರದಲ್ಲಿ ನೋಂದಾವಣೆ ಮಾಡಿಸಿಕೊಂಡಿರಬೇಕು.

ಮಕ್ಕಳ ಆಸೆಯನ್ನು ಕುಗ್ಗಿಸುವುದು ನನ್ನ ಉದ್ದೇಶವಲ್ಲ. ನಾಲ್ಕಾರು ವರ್ಷಗಳ ದಾರಿಯೆಂದು ಮೊದಲೇ ತಿಳಿದು ಹೊರಟವನಿಗೆ ಈ ವೃತ್ತಿ ಸಿದ್ಧಿಸುತ್ತದೆ. ಒಂದು ಲೈಸೆನ್ಸಿನಿಂದ ಎಲ್ಲವೂ ದೊರೆಯುವುದೆಂದು ಹೊರಟವನು ನಡುದಾರಿಯಲ್ಲಿ ನಿಲ್ಲುತ್ತಾನೆ. ಪೆಟ್ಟಿಗೆಯಿಂದ ತೆಗೆದ ಹೊಲದ ಕಾಗದಗಳು ವೈದ್ಯನ ಪ್ರಮಾಣಪತ್ರವೂ ಪರೀಕ್ಷೆಯ ಫಲಿತಾಂಶವೂ ಕೈಸೇರುವವರೆಗೆ ಪೆಟ್ಟಿಗೆಯಲ್ಲಿಯೇ ಇರಲಿ ಎಂಬುದಷ್ಟೇ ತಂದೆತಾಯಿಗಳಲ್ಲಿ ನನ್ನ ಬಿನ್ನಹ.